ಹೆಂಡತಿಯ ಊರು ಲಕ್ಕುಂಡಿಗೆ ಅವಳ ಹೆಸರಲ್ಲಿ ಏನು ಮಾಡಬಹುದು?

ಮೈಸೂರು ಅಂಚೆಯವನು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಅಂಚೆ ಇಲಾಖೆಯಲ್ಲಿದ್ದು ನಿವೃತ್ತನಾದೆ. ನನ್ನ ಹೆಂಡತಿ ಹೋದ ವರ್ಷ ತೀರಿಕೊಂಡಳು, ಮೊನ್ನೆ ವರ್ಷಾಂತಿಕ ಮುಗಿಸಿದೆವು. ಅವಳ ಊರು ಗದಗದ ಹತ್ತಿರದ ಲಕ್ಕುಂಡಿ. ಅವಳದೇ ದುಡಿಮೆಯ ಐದು ಲಕ್ಷ ರೂಪಾಯಿ ಇದೆ. ಅದನ್ನು ಅವಳ ಊರಿಗೇ ಮುಟ್ಟಿಸಬೇಕು. ಯಾರ ಕೈಗೆ ಕೊಡಬೇಕು, ಏನು ಮಾಡಿಸಿದರೆ ನಾಲ್ಕು ಕಾಲ ಉಳಿಯುತ್ತದೆ, ಇದು ನನ್ನ ಪ್ರಶ್ನೆ.

ದುಡ್ಡು ಎಲ್ಲಿಂದ ಬಂತು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಹೇಗೆಂದರೆ ಹಾಗೆ ಖರ್ಚು ಮಾಡೋಕೆ ನನಗೆ ಮನಸ್ಸಿಲ್ಲ. ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ಸೀರೆಗೆ ಫಾಲ್, ಜಿಗ್‌ಜಾಗ್, ಹಬ್ಬದ ಹೊತ್ತಿಗೆ ಮಕ್ಕಳ ಲಂಗ. ಬಂದದ್ದನ್ನು ನಮ್ಮ ಆಫೀಸಿನಲ್ಲೇ ಆರ್‌ಡಿ ಕಟ್ಟೋಳು. ಕೌಂಟರಿನಲ್ಲಿ ಗಂಡನೇ ಕೂತಿದ್ದರೂ ಪಾಸ್‌ಬುಕ್ಕಿಗೆ ಸೀಲು ಬಿತ್ತಾ ಅಂತ ಕಣ್ಣಾರೆ ನೋಡಿಕೊಂಡೇ ಹೊರಡೋಳು. ನನ್ನ ಸಂಬಳದಿಂದ ಮನೆ ನಡೆಯಿತು, ಇದು ಅವಳದು. ಮಗ, ಮಗಳು ಇಬ್ಬರೂ ತಮಗೆ ಬೇಡ ಅಂದಿದ್ದಾರೆ.

ಇನ್ನು ಊರಿನ ಹುಚ್ಚು. ಮದುವೆಯಾದ ಹೊಸತರಲ್ಲಿ ನಾನು ದೊಡ್ಡಸ್ತಿಕೆಯಿಂದ ಸೋಮನಾಥಪುರಕ್ಕೆ ಕರೆದುಕೊಂಡು ಹೋದೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಚಂದ ಐತ್ರಿ. ಆದ್ರ ನಮ್ಮೂರ ಬಸದಿ ಇದಕ್ಕಿಂತ ಎರಡೂವರೆ ನೂರು ವರ್ಷ ಹಿರೀದು" ಅಂದಳು. ಮನೆಗೆ ಬಂದ ಮೇಲೆ ಲೆಕ್ಕ ಹಾಕಿ ನೋಡಿದೆ, ಸರಿಯಾಗಿಯೇ ಇತ್ತು. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, 1007ರದ್ದು. ಕಾಶಿ ವಿಶ್ವೇಶ್ವರ ಗುಡಿ, ಅದಕ್ಕೆ ಎದುರಾಗಿ ನಿಂತ ಸೂರ್ಯನಾರಾಯಣ, ಮಾಣಿಕೇಶ್ವರನ ಪಕ್ಕದ ಮುಸುಕಿನ ಬಾವಿ, ಇವೆಲ್ಲ ಅವಳಿಗೆ ನೆಂಟರ ಮನೆಗಳಿದ್ದ ಹಾಗೆ. ಊರಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಅಂತ ಹೇಳೋಳು. ನಾನು ಎಣಿಸೋಣ ಬಾ ಅಂತ ರೇಗಿಸಿದರೆ, "ನೀವ್ ಎಣಸ್ರಿ, ನಾ ನೀರು ತರ್ತೇನಿ" ಅನ್ನೋಳು. ತವರಿಗೆ ಹೊರಟರೆ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕಿಟಕಿ ಸೀಟು. ವಾಪಸ್ ಬರುವಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ತುಂಬಿದ ಚೀಲ ನನ್ನ ತಲೆಯ ಮೇಲೆ.

ಅವಳು ಓದಿದ್ದು ಏಳನೆಯ ಕ್ಲಾಸು. ಆದರೆ ಕಾದಂಬರಿ ಓದೋ ಚಟ ಇತ್ತು. ಮಿಷನ್ನಿನ ಡ್ರಾಯರ್‌ನಲ್ಲಿ ಬಾಬಿನ್, ಟೇಪು, ಚಾಕ್‌ಪೀಸಿನ ಜೊತೆ ಲೈಬ್ರರಿ ಪುಸ್ತಕ ಒಂದು ಇದ್ದೇ ಇರುತ್ತಿತ್ತು, ಗುರುತಿಗೆ ಒಂದು ಚೂರು ಲೈನಿಂಗ್ ಬಟ್ಟೆ. ಹುಡುಗಿಯಾಗಿದ್ದಾಗ ಊರಲ್ಲಿ ಪುಸ್ತಕದ ಕಪಾಟಿಗೆ ಯಾವಾಗಲೂ ಬೀಗ ಇರುತ್ತಿತ್ತಂತೆ. ಬೀಗದ ಕೈ ಯಾರ ಹತ್ತಿರ ಅಂತ ಹುಡುಕುವುದೇ ಒಂದು ಕೆಲಸ ಅಂತ ನಗೋಳು.

ಈಗ ಮನೆಯಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಮಾತು. ಊರಿನಲ್ಲಿರುವ ನನ್ನ ಭಾವಮೈದುನ ಅಕ್ಕನ ಹೆಸರಲ್ಲಿ ಒಂದು ಸ್ವಾಗತ ಕಮಾನು ಆಗಲಿ ಅನ್ನುತ್ತಾನೆ. ಮಗ ಅಮೆರಿಕದಲ್ಲಿದ್ದಾನೆ. ಶುದ್ಧ ನೀರಿನ ಘಟಕ ಹಾಕಿಸೋಣ, ನಾನೂ ಅಷ್ಟೇ ಸೇರಿಸುತ್ತೇನೆ ಅನ್ನುತ್ತಾನೆ. ಮಗಳಿಗೆ ಮುಸುಕಿನ ಬಾವಿಯ ಹತ್ತಿರ ನೆರಳು ಮಾಡಿ, ಕೂರುವುದಕ್ಕೆ ಕಲ್ಲಿನ ಬೆಂಚು ಹಾಕಿಸಬೇಕು ಅಂತ ಆಸೆ. ನನಗೆ ಶಾಲೆಯಲ್ಲಿ ದತ್ತಿ ಇಟ್ಟು, ಪ್ರತಿ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದವರಿಗೆ ಬಹುಮಾನ ಕೊಡೋಣ ಅನ್ನಿಸಿತ್ತು. ಯಾವುದು ಸರಿ? ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ. "ಒಳ್ಳೇ ಕೆಲಸ, ದೇವರು ಒಳ್ಳೇದು ಮಾಡಲಿ" ಅನ್ನುವವರಿಗೆ ಮುಂಚೆಯೇ ಧನ್ಯವಾದ. ನನಗೆ ಬೇಕಾಗಿರೋದು ಕೊಂಕು ತೆಗೆಯುವವರು.

ಬೆಟಗೇರಿಯಾಂವ:

ನಮಸ್ಕಾರ್ರೀ ಸರ್. ನಮ್ಮ ಅಕ್ಕನ್ನ ಲಕ್ಕುಂಡಿಗೇ ಕೊಟ್ಟೇವಿ, ತಿಂಗಳದಾಗ ಒಂದ್ ಸಲಾನಾದ್ರೂ ಹೋಗ್ತಿರತೇನಿ. ನಿಮ್ಮ ಮನಿಯವರ ಮಾತು ಓದಿ ನಮ್ಮ ಅವ್ವನ ನೆನಪಾತು. ಕೊಂಕು ತಗೀರಿ ಅಂದ್ರಲ್ಲ, ತಗೀತೇನಿ.

ಕಮಾನು ಬ್ಯಾಡ್ರಿ. ನಮ್ಮ ಕಡೆ ಊರೂರಿಗೂ ಕಮಾನು ಅದಾವು, ಅದರ ಬುಡಕ್ಕ ಹೋಗೂ ರಸ್ತೆ ತಗ್ಗು ಬಿದ್ದಿರ್ತಾವು. ಇಲೆಕ್ಷನ್ ಬಂದ್ರ ಅದರ ಮ್ಯಾಲೆ ಬ್ಯಾನರ್ ಕಟ್ಟತಾರ, ಅಕ್ಕಾರ ಹೆಸರು ಯಾರಿಗೂ ಕಾಣೂದಿಲ್ಲ.

ನೀರಿನ ಘಟಕ ಅಂದ್ರ, ವಿಚಾರ ಒಳ್ಳೇದೈತಿ. ನಮ್ಮ ಜಿಲ್ಲಾದಾಗ ಬೋರ್ ನೀರಿನ್ಯಾಗ ಫ್ಲೋರೈಡ್ ಭಾಳ, ಹಲ್ಲು ಹಳದಿ ಆದ ಹುಡುಗ್ರನ್ನ ನಾವು ಸಣ್ಣಾವ್ರಿದ್ದಾಗಿಂದ ನೋಡೇವಿ. ಆದ್ರ ಮಷೀನ್ ಕುಂದರಿಸೂದು ಒಂದು ದಿನದ ಕೆಲಸ, ನಡಸೂದು ದಿನಾ ಕೆಲಸ. ಕರೆಂಟ್ ಬಿಲ್ ಯಾರು ಕಟ್ಟೂದು? ಒಳಗಿನ ಮೆಂಬ್ರೇನ್ ಕೆಟ್ರ ಯಾರು ಹಾಕ್ಸೂದು? ಬೋರ್ ಬತ್ತಿದ್ರ? ನಮ್ಮ ಸುತ್ತಮುತ್ತ ಬಂದ್ ಆಗಿ ಕಾಯಿನ್ ಹಾಕೂ ಡಬ್ಬಿಗೆ ಜೇಡ ಬಲಿ ಕಟ್ಟಿದ ಘಟಕ ತೋರಸಂದ್ರ ತೋರಸ್ತೇನಿ. ಮೈಸೂರಾಗ ಕುಂತು ಅದನ್ನ ನಡಸಾಕ ಆಗೂದಿಲ್ಲರಿ.

ಒಂದ್ ಸಲ ಊರಿಗೆ ಬರ್ರಿ, ಬರೇ ಮಾವನ ಮನಿಗೆ ಹೋಗಿ ಊಟ ಮಾಡಿ ಹೋಗಬ್ಯಾಡ್ರಿ. ಶಾಲಿ, ಅಂಗನವಾಡಿ, ಪಂಚಾಯ್ತಿ ಲೈಬ್ರರಿ, ಮೂರೂ ಕಡೆ ಅರ್ಧರ್ಧ ತಾಸು ಸುಮ್ನ ಕುಂದರ್ರಿ. ಏನ್ ಕೊರತಿ ಐತಿ ಅಂತ ಅವರು ಹೇಳೂದಕ್ಕಿಂತ ಮೊದ್ಲ ನಿಮಗ ಕಾಣತೈತಿ.

ಲೆಕ್ಕಪತ್ರ:

ವೃತ್ತಿಯಿಂದ ಆಡಿಟರ್. ಭಾವನೆಯ ಭಾಗ ಬೇರೆಯವರಿಗೆ ಬಿಟ್ಟು ಕಾಗದದ ಭಾಗ ಹೇಳುತ್ತೇನೆ.

ಮಗಳ ಬೆಂಚು: ಲಕ್ಕುಂಡಿಯಲ್ಲಿ ಇದಕ್ಕೆ ದೊಡ್ಡ ಅಡ್ಡಿಯಿದೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿಯ ನಂತರ ಇದು ಬಹಳ ಬಿಗಿ. ಒಳಗಿನ ವರ್ತುಲದಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ, ಹೊರಗಿನದರಲ್ಲಿ ಅನುಮತಿ ಬೇಕು. ಗುಡಿ, ಬಾವಿ ಇಷ್ಟು ಒತ್ತೊತ್ತಾಗಿರುವ ಊರಲ್ಲಿ ನೀವು ಎಲ್ಲಿ ಗುದ್ದಲಿ ಹಾಕಿದರೂ ಯಾವುದಾದರೂ ಒಂದು ವರ್ತುಲದೊಳಗೆ ಬೀಳುವ ಸಾಧ್ಯತೆ ಹೆಚ್ಚು. ನೆಲ ಅಗೆಯುವ ಯಾವ ಯೋಚನೆಯನ್ನೂ ಇಟ್ಟುಕೊಳ್ಳಬೇಡಿ.

ಮಗನ ಹಣ: ಅವನ ಪಾಸ್‌ಪೋರ್ಟ್ ಯಾವುದು ಅಂತ ಕೇಳಿ. ಭಾರತದ್ದೇ ಆಗಿದ್ದರೆ ಅವನ ಉಳಿತಾಯ ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅವನು ಇಲ್ಲಿನ ಸಂಸ್ಥೆಗೆ ಕೊಡುವುದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಟ್ರಸ್ಟು ಅದನ್ನು ಮುಟ್ಟುವ ಹಾಗಿಲ್ಲ. ಊರಿನ ಸಣ್ಣ ಟ್ರಸ್ಟುಗಳಿಗೆ ಆ ನೋಂದಣಿ ಇರುವುದು ಅಪರೂಪ. ಅವರನ್ನು ಸಿಕ್ಕಿಸಬೇಡಿ.

ತೆರಿಗೆ: ಹೊಸ ಪದ್ಧತಿಯಲ್ಲಿ ರಿಟರ್ನ್ ಹಾಕುತ್ತಿದ್ದರೆ ದಾನದ ಮೇಲಿನ ತೆರಿಗೆ ವಿನಾಯಿತಿ ಮರೆತುಬಿಡಿ, ಸಿಗುವುದಿಲ್ಲ. ಹಳೆಯ ಪದ್ಧತಿಯಾದರೂ 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ, ವಸ್ತು ರೂಪದಲ್ಲಿ ಕೊಟ್ಟದ್ದಕ್ಕೂ ಇಲ್ಲ. ಪಿಂಚಣಿದಾರರಿಗೆ ಉಳಿಯುವುದು ಅಷ್ಟರಲ್ಲೇ ಇದೆ. ಆ ಆಸೆಗೆ ಕೆಲಸದ ಸ್ವರೂಪ ಬದಲಿಸಬೇಡಿ.

ಈಗ ನಿಮ್ಮ ದತ್ತಿ. ನಮ್ಮಲ್ಲಿ ದತ್ತಿ ಅಂದರೆ ಅಸಲು ಶಾಶ್ವತ, ಬಡ್ಡಿಯಲ್ಲಿ ಕೆಲಸ. ಕೇಳುವುದಕ್ಕೆ ಚೆನ್ನಾಗಿದೆ. ಐದು ಲಕ್ಷಕ್ಕೆ ಶೇಕಡಾ 7ರ ಬಡ್ಡಿ ಹಿಡಿದರೆ ವರ್ಷಕ್ಕೆ 35,000. ಬೆಲೆ ಏರುತ್ತಲೇ ಇರುತ್ತದೆ, ಈ ಮೊತ್ತ ಏರುವುದಿಲ್ಲ. ಎಷ್ಟೋ ವರ್ಷದ ಹಿಂದೆ ಯಾರೋ ಸಾವಿರ ರೂಪಾಯಿ ಇಟ್ಟ ದತ್ತಿಗಳು ಇವತ್ತಿಗೂ ಶಾಲಾ ಕಾಲೇಜುಗಳ ಪುಸ್ತಕದಲ್ಲಿವೆ. ವರ್ಷಕ್ಕೆ ಎಪ್ಪತ್ತು ರೂಪಾಯಿ ಬರುತ್ತದೆ, ಪ್ರಮಾಣಪತ್ರ ಅಚ್ಚು ಹಾಕಿಸಲೂ ಸಾಲದು. ಚಿನ್ನದ ಪದಕದ ದತ್ತಿಗಳದ್ದಂತೂ ಕೇಳಲೇಬೇಡಿ, ಬಂಗಾರದ ದರ ಕಂಡು ಪದಕಕ್ಕೆ ಬರೀ ಲೇಪ ಉಳಿದಿದೆ. ಹತ್ತು ವರ್ಷದಲ್ಲಿ ಅಸಲು ಸಮೇತ ಖರ್ಚು ಮಾಡಿ ಮುಗಿಸುವುದು ನನ್ನ ಪ್ರಕಾರ ಹೆಚ್ಚು ಪ್ರಾಮಾಣಿಕ ದಾನ. ಒಪ್ಪದವರು ಬಹಳ ಮಂದಿ ಇದ್ದಾರೆ, ಗೊತ್ತು.

ಮಲೆನಾಡ ಟೀಚರ್:

ಅಣ್ಣ, ನಾನು ನಿಮ್ಮ ಎದುರು ದಿಕ್ಕಿನವಳು, ಗಂಡನನ್ನು ಕಳೆದುಕೊಂಡವಳು. ಅವರ ಊರಿನ ಪ್ರೌಢಶಾಲೆಯಲ್ಲಿ ಅವರ ಹೆಸರಲ್ಲಿ ಬಹುಮಾನ ಇಟ್ಟಿದ್ದೇನೆ. ಕನ್ನಡದಲ್ಲಿ ಅತಿ ಹೆಚ್ಚು ಅಂಕ ತೆಗೆದವರಿಗೆ ಅಂತ ಶುರುವಾಯಿತು. ಪ್ರತಿ ವರ್ಷ ಬರುತ್ತಿದ್ದವರು ಹೆಚ್ಚುಕಡಿಮೆ ಒಂದೇ ಥರದ ಮನೆಯ ಮಕ್ಕಳು, ಟ್ಯೂಷನ್ನಿಗೆ ಹೋಗುವವರು. ಅವರಿಗೂ ಖುಷಿಯೇ, ತಪ್ಪೇನಿಲ್ಲ. ಆದರೆ ಆ ಎರಡು ಸಾವಿರ ಅವರ ಬದುಕಿನಲ್ಲಿ ಏನೂ ಬದಲಿಸುತ್ತಿರಲಿಲ್ಲ. ಸಮಾರಂಭದಲ್ಲಿ ಹಾರ ಶಾಲುಗಳ ಭಾಷಣವೇ ಮಧ್ಯಾಹ್ನದವರೆಗೆ. ಒಂದು ಸಲ ನಮ್ಮವರ ಹೆಸರನ್ನೇ ತಪ್ಪಾಗಿ ಓದಿದರು.

ಆಮೇಲೆ ಹೆಡ್‌ಮಾಸ್ಟರ ಹತ್ತಿರ ಕೂತು ಮಾತಾಡಿ ನಿಯಮ ಬದಲಿಸಿದೆವು. ಹತ್ತನೇ ಕ್ಲಾಸು ಮುಗಿಸಿ ಪಿಯುಸಿಗೆ ಸೇರುವ ಹುಡುಗಿಯರಲ್ಲಿ ಇಬ್ಬರಿಗೆ ಮೊದಲ ವರ್ಷದ ಪುಸ್ತಕ, ಬಸ್ ಪಾಸು, ಒಂದು ಜೊತೆ ಯೂನಿಫಾರಂ. ಅಂಕ ಕೇಳುವುದಿಲ್ಲ, ಪಾಸಾಗಿರಬೇಕು ಅಷ್ಟೇ. ಯಾರಿಗೆ ಅನ್ನುವುದನ್ನು ಕ್ಲಾಸ್ ಟೀಚರು ತೀರ್ಮಾನಿಸುತ್ತಾರೆ, ಯಾವ ಮನೆಯಲ್ಲಿ ಹುಡುಗಿಯನ್ನು ಬಿಡಿಸುವ ಮಾತು ನಡೆದಿದೆ ಅಂತ ಅವರಿಗೇ ಮೊದಲು ಗೊತ್ತಾಗೋದು. ನಿಮ್ಮ ಹೆಂಡತಿ ಏಳಕ್ಕೇ ಬಿಟ್ಟವರು ಅಂದಿರಿ, ಅದಕ್ಕೆ ಹೇಳಿದೆ.

ಇನ್ನೊಂದು ಮಾತು, ಅತ್ತಿಮಬ್ಬೆಯನ್ನು ಬಸದಿಯ ಮಟ್ಟಕ್ಕೆ ನಿಲ್ಲಿಸಿಬಿಟ್ಟಿರಿ. ಆಕೆಯ ಗಂಡ ನಾಗದೇವ ಯುದ್ಧದಲ್ಲಿ ಸತ್ತ. ತಂಗಿ ಗುಂಡಮಬ್ಬೆಯೂ ಅವನ ಹೆಂಡತಿಯೇ, ಅವಳು ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನನ್ನು ಸಾಕಿಕೊಂಡು ಉಳಿದಳು. ಆಮೇಲೆ ಅವಳು ಮಾಡಿದ್ದು ನೋಡಿ. ಪೊನ್ನನ 'ಶಾಂತಿಪುರಾಣ'ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಮನೆ ಇಲ್ಲದ ಕಾಲ, ಒಂದೊಂದು ಪ್ರತಿಯನ್ನೂ ಕೈಯಲ್ಲಿ ಕೊರೆಯಬೇಕು. ಆ ಕಾವ್ಯ ಬರೆಸಿದ್ದು ಯಾರು? ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ. ಅಂದರೆ ತವರಿನವರು ಬರೆಸಿದ ಪುಸ್ತಕವನ್ನು ಗಂಡ ಹೋದ ಮೇಲೆ ನಾಡಿಗೆಲ್ಲ ಹಂಚಿದವಳು. ರನ್ನ ಅವಳನ್ನು ಹೊಗಳಿದ್ದು ಸುಮ್ಮನೆ ಅಲ್ಲ. ನಿಮ್ಮ ಪ್ರಶ್ನೆಯಲ್ಲೇ ಬೀಗ ಹಾಕಿದ ಕಪಾಟು ಒಂದು ಇದೆ. ಬೆಂಚು, ಕಮಾನಿನ ನಡುವೆ ಅದನ್ನು ಯಾಕೆ ಬಿಟ್ಟಿರಿ?

ಮೈಸೂರು ಅಂಚೆಯವನು:

ಟೀಚರಮ್ಮ, ಸಾವಿರ ಪ್ರತಿಯ ಕಥೆ ನನಗೆ ಗೊತ್ತಿತ್ತು, ಅವಳೇ ಹೇಳಿದ್ದಳು. ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ನೀವು. ಮಗಳಿಗೆ ಫೋನ್ ಮಾಡಿ ಓದಿ ಹೇಳಿದೆ, ಬೆಂಚಿನ ಹಟ ಬಿಟ್ಟಳು. ಆಡಿಟರ್ ಸಾಹೇಬರ 100 ಮೀಟರ್ ಕೇಳಿಯೇ ಅರ್ಧ ಬಿಟ್ಟಿದ್ದಳು.

ಮಗನದ್ದು ಅಮೆರಿಕದ ಪಾಸ್‌ಪೋರ್ಟೇ. ಹಾಗಾಗಿ ಅವನ ಹಣ ಇದಕ್ಕೆ ಬೇಡ. ಅವನಿಗೆ ಬೇರೆ ಕೆಲಸ ಹೇಳಿದ್ದೇನೆ. ಅವನಮ್ಮನ ಲೈಬ್ರರಿ ಕಾರ್ಡುಗಳು, ಅವಳು ಓದಿ ಪಟ್ಟಿ ಬರೆದಿಟ್ಟ ಹೊಲಿಗೆ ಲೆಕ್ಕದ ಪುಸ್ತಕ, ಎಲ್ಲದರ ಫೋಟೋ ಕಳಿಸಿದ್ದೇನೆ. ಅಳತೆ ಬರೆದ ಪುಟದ ಹಿಂಭಾಗದಲ್ಲಿ ಕಾದಂಬರಿಯ ಹೆಸರು, ಮುಂದೆ "ಚೊಲೊ ಐತಿ", "ಅಳು ಬಂತು", "ಸಾಕಾತು" ಅಂತ ಒಂದೊಂದು ಮಾತು. ಎದೆ ಸುತ್ತಳತೆ 34, ತೋಳು 9, ಹಿಂದೆ "ಕಡೀಕ ಸುಳ್ಳು ಬರದಾರ". ಅವನು ಅಲ್ಲಿ ಕೂತು ಪಟ್ಟಿ ಮಾಡುತ್ತಿದ್ದಾನೆ. ಚೊಲೊ ಐತಿ ಅಂದದ್ದನ್ನೆಲ್ಲ ಕೊಳ್ಳುವುದು ಅಂತ ಯೋಚನೆ.

ಬೆಟಗೇರಿಯವರೇ, ಲೈಬ್ರರಿ ಈಗ ಹೇಗಿದೆ? ಅದು ಪಂಚಾಯಿತಿಗೆ ಸೇರಿದ್ದಾ?

ಬೆಟಗೇರಿಯಾಂವ:

ಹೌದ್ರೀ, ಹಳ್ಳಿ ಲೈಬ್ರರಿ ಎಲ್ಲಾ ಈಗ ಗ್ರಾಮ ಪಂಚಾಯ್ತಿ ಕಡೆ ಬಂದಾವು. ಅರಿವು ಕೇಂದ್ರ ಅಂತ ಬೋರ್ಡ್ ಹಾಕ್ಯಾರ. ನಿನ್ನೆ ಅಕ್ಕನ ಮನಿಗೆ ಹೋದಾವ ಒಂದ್ ಹೆಜ್ಜಿ ಹಾಕಿ ಬಂದೆ. ಬೀಗ ಇರಲಿಲ್ಲ, ಅದು ಸಮಾಧಾನ. ಪೇಪರ್ ಓದಾಕ ಹಿರೇರು ನಾಲ್ಕು ಮಂದಿ, ಮೂಲ್ಯಾಗ ಹುಡುಗ್ರು ಆರೇಳು ಮಂದಿ.

ಆದ್ರ ಒಂದು ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಹುಡುಗ್ರಿಗೆ ಏನ್ ಪುಸ್ತಕ ಬೇಕು ಅಂತ ಕೇಳಿದೆ. ಒಬ್ಬಾಂವ ಪಿಡಿಒ ಪರೀಕ್ಷಾ ಅಂದ, ಒಬ್ಬಾಂವ ಪೊಲೀಸ್ ಕಾನ್‌ಸ್ಟೆಬಲ್, ಒಬ್ಬಾಕಿ ಹುಡುಗಿ ಎಫ್‌ಡಿಎ, ಎಸ್‌ಡಿಎ, ಎಲ್ಲಾ ಸರಕಾರಿ ನೌಕರಿ ಪರೀಕ್ಷಾನ. ಕಾದಂಬರಿ ಅಂತ ಯಾರೂ ಅನ್ನಲಿಲ್ಲ. ಇದ್ದ ಗೈಡು ಹಳೇವು, ಒಂದರಾಗ ಪ್ರಧಾನಮಂತ್ರಿ ಹೆಸರ ಬ್ಯಾರೆ ಇತ್ತು! ಗದಗಿಗೆ ಬಸ್ಸಿಗೆ ಹೋಗಿ ರೂಮಿನ್ಯಾಗ ಕುಂತು ಓದಾಕ ರೊಕ್ಕ ಇಲ್ಲದ ಹುಡುಗ್ರು ಇವು. ಅಕ್ಕಾರ ಪಟ್ಟಿ ಒಂದ ಕಪಾಟಿನ್ಯಾಗ ಇಡ್ರಿ, ಆದ್ರ ಇವರನ್ನ ಬಿಡಬ್ಯಾಡ್ರಿ. ಸಣ್ಣ ಹುಡುಗ್ರಿಗೆ ಚಿತ್ರದ ಪುಸ್ತಕಾನೂ ಇಲ್ಲ. ಸಾಲಿ ಬಿಟ್ಟ ಮ್ಯಾಲೆ ಬರ್ತಾವು, ಒಂದ್ ಕೇರಂ ಬೋರ್ಡ್ ಸುತ್ತ ನಿಂದರ್ತಾವು.

ಮೈಸೂರು ಅಂಚೆಯವನು:

ಬೇಸರವೇನೂ ಇಲ್ಲ. ಮೊದಲು ಸ್ವಲ್ಪ ಚುರುಕ್ ಅಂದದ್ದು ನಿಜ, ಅವಳ ಕಾದಂಬರಿಗಳ ಬಗ್ಗೆ ನನಗೆ ನನ್ನದೇ ಒಂದು ಚಿತ್ರ ಇತ್ತು. ಆದರೆ ಅವಳು ಕೂಡ ಗಿರಾಕಿ ಕೇಳಿದ ಕತ್ತಿನ ಡಿಸೈನೇ ಹೊಲಿಯುತ್ತಿದ್ದಳು, ತನಗೆ ಚಂದ ಕಂಡದ್ದಲ್ಲ.

ಹೀಗೆ ಯೋಚಿಸಿದ್ದೇನೆ. ಅಸಲು ಸಮೇತ ಹತ್ತು ವರ್ಷ, ವರ್ಷಕ್ಕೆ ಐವತ್ತು ಸಾವಿರದ ಆಸುಪಾಸು, ಬಡ್ಡಿ ಬಂದದ್ದು ಮೇಲಿನದು. ಅದರಲ್ಲಿ ಅರ್ಧ ಪರೀಕ್ಷೆಯ ಪುಸ್ತಕ, ಪ್ರತಿ ವರ್ಷ ಹೊಸ ಆವೃತ್ತಿ. ಉಳಿದದ್ದರಲ್ಲಿ ಮಕ್ಕಳ ಪುಸ್ತಕ, ಅವಳ ಪಟ್ಟಿಯ ಕಾದಂಬರಿ. ಮತ್ತೆ ಟೀಚರಮ್ಮ ಹೇಳಿದ ಹಾಗೆ ವರ್ಷಕ್ಕೆ ಒಬ್ಬ ಹುಡುಗಿಗಾದರೂ ಪಿಯುಸಿಯ ಮೊದಲ ವರ್ಷದ ಖರ್ಚು. ನಾನು ಇರುವಷ್ಟು ದಿನ ನಾನು, ಆಮೇಲೆ ಮಗಳು. ಹತ್ತು ವರ್ಷದ ನಂತರ ಮುಂದುವರಿಸುವುದು ಬಿಡುವುದು ಅವರಿಗೆ ಬಿಟ್ಟದ್ದು.

ಭಾವಮೈದುನನದೇ ಉಳಿದಿದೆ. ಫೋನಿನಲ್ಲಿ ಹೇಳಿದೆ, ಸಿಟ್ಟಾದ. "ಅಕ್ಕನ ಹೆಸರು ಊರಾಗ ನಾಲ್ಕು ಮಂದಿಗೆ ಕಾಣಬೇಕಲ್ಲ ಭಾವ, ಪುಸ್ತಕದಾಗ ಮುಚ್ಚಿಟ್ರ ಯಾರು ನೋಡ್ತಾರ" ಅಂದ. ಅವನ ಮಾತನ್ನು ತೆಗೆದುಹಾಕುವ ಹಾಗೂ ಇಲ್ಲ, ತಮ್ಮನಲ್ಲವೇ. ಹೆಸರು ಹಾಕುವ ಬಗ್ಗೆ ನೀವೆಲ್ಲ ಏನಂತೀರಿ? ಅವಳಿಗಂತೂ ಹೆಸರಿನ ಆಸೆ ಇರಲಿಲ್ಲ. ಸ್ಟೀಲ್ ಪಾತ್ರೆ ಕೊಂಡರೂ ನನ್ನ ಹೆಸರೇ ಕೊರೆಸೋಳು, ಕಳೆದರೆ ಅಂಚೆ ಆಫೀಸಿಗೆ ತಂದುಕೊಡುತ್ತಾರೆ ಅಂತ.

ಮಲೆನಾಡ ಟೀಚರ್:

ಹೆಸರು ಹಾಕಿ ಅಣ್ಣ. ಹೋದವರಿಗೆ ಬೇಕಿಲ್ಲ ಅಂತ ನಾವು ಸುಲಭವಾಗಿ ಹೇಳುತ್ತೇವೆ, ಇರುವವರಿಗೆ ಬೇಕಾಗುತ್ತದೆ. ನಿಮ್ಮ ಭಾವಮೈದುನ ದಿನಾ ಆ ಬೀದಿಯಲ್ಲಿ ಓಡಾಡುವವನು. ಪ್ರತಿ ಪುಸ್ತಕದ ಮೊದಲ ಪುಟಕ್ಕೆ ಒಂದು ಸಣ್ಣ ರಬ್ಬರ್ ಸ್ಟ್ಯಾಂಪು ಮಾಡಿಸಿ, ಅವಳ ಹೆಸರು, ತಂದೆಯ ಮನೆತನದ ಹೆಸರು, ಲಕ್ಕುಂಡಿ ಅಂತ. ಗಂಡನ ಮನೆಯ ಅಡ್ಡಹೆಸರು ಬೇಡ, ಊರಿನವರಿಗೆ ಯಾರ ಮಗಳು ಅಂತ ಗೊತ್ತಾಗಲಿ. ಆ ಸ್ಟ್ಯಾಂಪು ಒತ್ತುವ ಕೆಲಸ ತಮ್ಮನಿಗೇ ಕೊಡಿ. ಹುಡುಗಿಗೆ ಕೊಡುವ ಹಣದಲ್ಲಿ ಮಾತ್ರ ಹೆಸರು, ಫೋಟೋ, ಸಮಾರಂಭ ಯಾವುದೂ ಬೇಡ. ಪುಸ್ತಕಕ್ಕೆ ನಾಚಿಕೆ ಇಲ್ಲ, ಮಕ್ಕಳಿಗೆ ಇರುತ್ತದೆ.

ಬೆಟಗೇರಿಯಾಂವ:

ಟೀಚರ್ ಬರೋಬ್ಬರಿ ಹೇಳ್ಯಾರ. ಸರ್, ಬರೂ ಮುಂದ ಇಲ್ಲೊಂದು ಮೆಸೇಜ್ ಹಾಕ್ರಿ. ಗದಗ ಸ್ಟೇಷನ್ನಿಗೆ ನಾ ಗಾಡಿ ತಗೊಂಡ್ ಬರ್ತೇನಿ. ಮೊದ್ಲು ಮಿರ್ಚಿ ಗಿರ್ಮಿಟ್ ತಿನ್ನೂಣು, ಆಮ್ಯಾಲೆ ಪಂಚಾಯ್ತಿ.

ಲೆಕ್ಕಪತ್ರ:

ತಿನ್ನುವುದಕ್ಕೆ ಮೊದಲು ಕಾಗದ. ಪಂಚಾಯಿತಿಗೆ ಲಿಖಿತವಾಗಿ ಒಂದು ಪತ್ರ ಕೊಟ್ಟು, ಪುಸ್ತಕ ಸ್ವೀಕರಿಸುತ್ತೇವೆ ಅಂತ ಅವರಿಂದ ಉತ್ತರ ತೆಗೆದುಕೊಳ್ಳಿ, ಆಮೇಲೆ ಕೊಳ್ಳಿ. ಹಣ ಕೊಡಬೇಡಿ, ಪುಸ್ತಕವನ್ನೇ ಕೊಡಿ. ಬಿಲ್ಲಿನ ಒಂದು ಪ್ರತಿ ನಿಮ್ಮಲ್ಲಿರಲಿ. ಕೊಟ್ಟ ದಿನವೇ ಲೈಬ್ರರಿಯ ದಾಸ್ತಾನು ಪುಸ್ತಕದಲ್ಲಿ ಒಂದೊಂದಾಗಿ ನಮೂದಾಗಿ ನಂಬರ್ ಬೀಳುವ ತನಕ ಅಲ್ಲೇ ಕೂತಿರಿ. ನಂಬರ್ ಬೀಳದ ಪುಸ್ತಕ ಯಾರ ಮನೆಗೆ ಹೋದರೂ ಕೇಳುವವರಿಲ್ಲ. ಪಾಸ್‌ಬುಕ್ಕಿಗೆ ಸೀಲು ಬಿತ್ತಾ ಅಂತ ನೋಡಿಕೊಂಡು ಹೋಗುತ್ತಿದ್ದವರ ಮನೆಯವರು ನೀವು, ನಿಮಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಪರೀಕ್ಷೆಯ ಪುಸ್ತಕಗಳನ್ನು ಅಧಿಸೂಚನೆ ಬಂದ ಮೇಲೆ ಪಠ್ಯಕ್ರಮ ನೋಡಿಕೊಂಡೇ ಕೊಳ್ಳಿ. ಈಗಲೇ ರಾಶಿ ಹಾಕಿದರೆ ಅದೂ ಹಳೆಯ ಪ್ರಧಾನಿಯ ಗೈಡ್ ಆಗುತ್ತದೆ.